ನಲವತ್ತು ಕಡ್ಡಿಯ ಚಕ್ರ

ನಮ್ಮ ಅಜ್ಜನವರ ರ್ಯಾಲಿ ಬೈಸಿಕಲ್ಲು ಆಂಟಾಪ್ ಹಿಲ್ಲಿನ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬಹುಕಾಲ ಮೂಲೆ ಹಿಡಿದು ನಿಂತಿತ್ತು. ಕಳೆದ ಮಳೆಗಾಲ ಮುಗಿದ ಮೇಲೆ ಹೊರಗೆಳೆದು ನೋಡಿದರೆ ಹಿಂದಿನ ಚಕ್ರದ ರಿಮ್ಮು ತುಕ್ಕು ತಿಂದು ಬೆರಳಿಟ್ಟಲ್ಲಿ ಉದುರುತ್ತಿತ್ತು. ಹಬ್ಬು ಮಾತ್ರ ಗಟ್ಟಿಯಾಗಿತ್ತು. ರಿಪೇರಿಯವನು, ಇಡೀ ಚಕ್ರವನ್ನು ಗುಜರಿಗೆ ಹಾಕಿ, ಹೊಸದು ಕೂಡಿಸಿಕೊಡುವೆನೆಂದನು. ನಮಗೆ ಮನಸ್ಸು ಬರಲಿಲ್ಲ. ಹಬ್ಬನ್ನು ಉಳಿಸಿಕೊಂಡು ಉಳಿದುದನ್ನು ಬದಲಿಸಬಹುದೇ ಎಂದು ವಿಚಾರಿಸುತ್ತ ಹೋದಂತೆ ಆ ಚಕ್ರದ ಇತಿಹಾಸವೇ ಬಿಚ್ಚಿಕೊಂಡಿತು.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಸೈಕಲ್ಲುಗಳಲ್ಲಿ ಬಹುಪಾಲು ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದವು. ಅವುಗಳೊಡನೆ ಅಲ್ಲಿಯ ಅಳತೆಗಳೂ ಬಂದವು. ಚಕ್ರ 28 ಅಂಗುಲ, ಟಯರಿನ ದಪ್ಪ ಒಂದೂವರೆ ಅಂಗುಲ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಸವಾರನ ಭಾರ ಹೆಚ್ಚಾಗಿ ಹಿಂದೆ ಬೀಳುವುದರಿಂದ ಈ ಏರ್ಪಾಡು. ಬೇರೆ ದೇಶಗಳಲ್ಲಿ ಎರಡಕ್ಕೂ 36 ಕಡ್ಡಿ ಸಾಮಾನ್ಯ. ಕೂಡಿದರೆ ಎರಡು ಕಡೆಯೂ 72ಕ್ಕೇ ತಾಳೆಯಾಗುತ್ತದೆಂಬುದು ಬ್ಯಾಂಕಿನ ಗುಮಾಸ್ತನ ಕಣ್ಣಿಗೆ ಬೀಳದೆ ಹೋಗುವುದುಂಟೆ!

ಬಳಿಕ ನಮ್ಮಲ್ಲಿಯೇ ಕಾರಖಾನೆಗಳು ಹುಟ್ಟಿದವು. ಹಿಂದ್ ಸೈಕಲ್ಸ್ ನಮ್ಮ ಮುಂಬಯಿಯ ವರಳಿಯಲ್ಲೇ ಇತ್ತು. ಮದರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನೆಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೋ ಆರಂಭವಾದವು. ಆಸನ್‌ಸೋಲಿನ ಸೆನ್-ರ್ಯಾಲಿಯಂತೂ ನಾಟಿಂಗ್‌ಹ್ಯಾಮಿನ ರ್ಯಾಲಿಯ ಸಹಯೋಗದಿಂದಲೇ ನಡೆದುದು. ಇವರು ಹಳೆಯ ಅಳತೆಯನ್ನು ಬಿಡಲಿಲ್ಲ. ಹಾಲಿನವರು, ಪಾವಿನವರು, ಡಬ್ಬಾವಾಲಾಗಳು ಭಾರ ಹೇರಿದ್ದು ಈ ಚಕ್ರದ ಮೇಲೆಯೇ. 1980ರ ಕಾಯಿದೆಯಿಂದ ಹಿಂದ್ ಸೈಕಲ್ಸ್, ಸೆನ್-ರ್ಯಾಲಿ ಎರಡೂ ರಾಷ್ಟ್ರೀಕೃತವಾದವು. ಇಂದು ಎರಡೂ ಇಲ್ಲ. ನಾಟಿಂಗ್‌ಹ್ಯಾಮಿನ ಕಾರಖಾನೆಯೂ 2002ರಲ್ಲಿ ನಿಂತಿತು. ಆದರೆ ಅಲ್ಲಿ ಹುಟ್ಟಿದ ಹಬ್ಬಿಗೆ ಹೊಂದುವ ರಿಮ್ಮು ನಮ್ಮ ಪೇಟೆಯಲ್ಲಿ ಇನ್ನೂ ಸಿಕ್ಕುತ್ತದೆ.

ಸಿಕ್ಕುತ್ತದೆ ಎಂದೆವಷ್ಟೆ, ಸುಲಭವಾಗಿ ಎಂದಿಲ್ಲ. ನಾವು ಮೊದಲು ತಂದ ರಿಮ್ಮಿಗೆ 36 ತೂತು. ನಲವತ್ತರ ಹಬ್ಬಿಗೆ ಅದು ಕೂಡುವುದೆಂತು? ಎರಡನೆಯದು ಹೆಸರಿಗೆ 28. ಆದರೆ ಟಯರು ಕೂರುವ ವ್ಯಾಸ 622 ಮಿಲಿಮೀಟರು. ಹಳೆಯದು 635. ಹದಿಮೂರು ಮಿಲಿಮೀಟರಿನ ಅಂತರಕ್ಕೆ ಹಳೆಯ ಟಯರು ಸಡಿಲವಾಗಿ ಜೋತುಬಿದ್ದಿತು. ಮೂರನೆಯದರ ಪಕ್ಕಗಳು ಚಪ್ಪಟೆಯಾಗಿದ್ದವು. ನಮ್ಮ ಸೈಕಲ್ಲಿನದು ಕಂಬಿಗಳಿಂದ ಎಳೆಯುವ ಬ್ರೇಕು. ಅದರ ರಬ್ಬರು ರಿಮ್ಮನ್ನು ಪಕ್ಕದಿಂದ ಹಿಡಿಯುವುದಿಲ್ಲ, ಹಬ್ಬಿನ ಕಡೆಯ ಮೈಗೆ ಒತ್ತುತ್ತದೆ. ಅದಕ್ಕೆ ವೆಸ್ಟ್‌ವುಡ್ ಎಂಬ ಜಾತಿಯ ರಿಮ್ಮೇ ಬೇಕು. ಇಲ್ಲವಾದರೆ ಗುಡ್ಡದ ಇಳಿಜಾರಿನಲ್ಲಿ ದೇವರೇ ಗತಿ.

ಸರಿಯಾದ ರಿಮ್ಮು ದೊರೆತ ಮೇಲೆ, ಸಾಯನ್ ಕೋಳಿವಾಡದ ಕಡೆಯ ವೃದ್ಧ ಮೇಸ್ತ್ರಿಯೊಬ್ಬರು ಕೆಲಸ ಕೈಗೆತ್ತಿಕೊಂಡರು. ಹಳೆಯ ಕಡ್ಡಿಯೊಂದನ್ನು ಬಿಚ್ಚಿ ಮಾದರಿಗೆ ಇಟ್ಟುಕೊಂಡರು. ಕಡ್ಡಿ ಉದ್ದವಾದರೆ ತುದಿ ನಿಪ್ಪಲ್ಲಿನಾಚೆ ಇಣುಕಿ ಟ್ಯೂಬನ್ನು ಚುಚ್ಚುತ್ತದೆ; ಗಿಡ್ಡವಾದರೆ ಮರೆ ನಾಲ್ಕು ಸುತ್ತೂ ಹಿಡಿಯದೆ ಒಂದು ದಿನ ಕಿತ್ತುಬರುತ್ತದೆ. ಹಬ್ಬಿನ ಒಳಗೆ ಪಕ್ಕಕ್ಕೆ ಒಂಬತ್ತರಂತೆ ಕಾಲಂಗುಲದ ಗುಂಡುಗಳು. ಸವೆದುವು ನಾಲ್ಕೇ ಇದ್ದರೂ ಹದಿನೆಂಟನ್ನೂ ಬದಲಿಸಿದರು. ಹೊಸದರೊಡನೆ ಹಳೆಯದನ್ನು ಬೆರೆಸಿದರೆ ಭಾರವೆಲ್ಲ ದಪ್ಪನೆಯವುಗಳ ಮೇಲೆ ಬಿದ್ದು ಕೋನು ಕೆಡುತ್ತದೆಂದು ಅವರ ವಾದ. ಕೋನನ್ನು ಬಿಗಿಮಾಡಿ, ತುಸು ಹಿಂದಕ್ಕೆ ತಿರುಗಿಸಿ, ಆಮೇಲೆ ನಟ್ಟನ್ನು ಬಿಗಿದರು.

ಬೆಂಡು ತೆಗೆಯುವುದಕ್ಕೇ ಒಂದು ಸಂಜೆ ಹಿಡಿಯಿತು. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ರಿಮ್ಮಿನ ಬಳಿ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸುವರು; ಸುಣ್ಣ ತಗುಲಿದಲ್ಲಿ ಎದುರುಬದಿಯ ಕಡ್ಡಿಯನ್ನು ಅರ್ಧ ಸುತ್ತು ಬಿಗಿಯುವರು. ಮಾತೇ ಇಲ್ಲ. ಕೂಲಿ ಕೇಳಿದರೆ, ಮೊದಲು ಹಬ್ಬಿಗೆ ಎಣ್ಣೆ ಬಿಡಿರೆಂದರು. ಹೊಸ ಹಬ್ಬುಗಳಲ್ಲಿ ಸಾಮಾನ್ಯವಾಗಿ ಕಾಣದ ಚಿಕ್ಕ ತೂತೊಂದು ಅದರ ನಡುವೆ, ತಗಡಿನ ಮುಚ್ಚಳದ ಕೆಳಗಿತ್ತು. ನಾವು ಎಣ್ಣೆ ಬಿಟ್ಟು ಚಕ್ರ ತಿರುವಿದೆವು. ಮೇಸ್ತ್ರಿ ಬೀಡಿ ಸೇದಿ ಮುಗಿಸಿದರೂ ಅದು ತಿರುಗುತ್ತಲೇ ಇತ್ತು.