ಹೃದಯ ಕ್ಯಾತಿಟರ್ ಚಿಕಿತ್ಸೆಯ ನಂತರ ರಕ್ತನಾಳ ಮುಚ್ಚುವಿಕೆ ಮತ್ತು ಅದರ ತೊಡಕುಗಳು: ಸುಂಕದಕಟ್ಟೆಯ ದುಡಿಯುವ ಜನರನ್ನು ಕುರಿತು

ಆಂಜಿಯೋಗ್ರಾಮ್ ಮುಗಿಯುತ್ತಲೇ ಮನೆಯವರು ಕೇಳುವುದು ಬ್ಲಾಕ್ ಎಷ್ಟಿತ್ತು, ಸ್ಟೆಂಟ್ ಹಾಕಿದರೇ ಎಂದು. ಕ್ಯಾತಿಟರ್ ಒಳಹೊಕ್ಕ ತೂತನ್ನು ಹೇಗೆ ಮುಚ್ಚಿದರು ಎಂದು ಕೇಳುವವರು ಅಪರೂಪ. ಚಿಕಿತ್ಸೆಯ ನಂತರದ ರಕ್ತಸ್ರಾವದಲ್ಲಿ ದೊಡ್ಡ ಪಾಲು ಆ ತೂತಿನದೇ. ಮುಚ್ಚುವ ಸಾಧನಕ್ಕಿಂತಲೂ ಚುಚ್ಚಿದ ಜಾಗ ಮತ್ತು ಮನೆಗೆ ಮರಳಿದ ಮೇಲಿನ ದಿನಗಳು ಹೆಚ್ಚು ನಿರ್ಣಾಯಕ ಎಂಬುದು ಈ ಲೇಖನದ ವಾದ.

ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನದಿಂದ, ಚರ್ಮ ಕೊಯ್ಯದೆ ಸೂಜಿ ಮತ್ತು ತಂತಿಯ ಮೂಲಕ ಅಪಧಮನಿಯೊಳಗೆ ಹೋಗುವುದು ಸಾಧ್ಯವಾಯಿತು. ದಶಕಗಳ ಕಾಲ ತೊಡೆಸಂದೇ ಮುಖ್ಯ ದಾರಿಯಾಗಿತ್ತು. ಅಲ್ಲಿ ಅಪಧಮನಿಯ ಹಿಂದೆ ತೊಡೆಮೂಳೆಯ ತಲೆ ಇರುವ ಮಟ್ಟದಲ್ಲೇ ಚುಚ್ಚಬೇಕು. ಬೆರಳಿನಿಂದ ಅದುಮಿದಾಗ ನಾಳಕ್ಕೆ ಆಸರೆ ಸಿಗುವುದು ಆ ಮೂಳೆಯಿಂದ. ಸೂಜಿ ತೀರಾ ಮೇಲೆ ಹೋದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರುತ್ತದೆ: ಹೊರಗೆ ಊತ ಕಾಣದು, ಸೊಂಟ ನೋಯುತ್ತದೆ, ಬಿಪಿ ಇಳಿಯುತ್ತದೆ. ಕೆಳಗೆ ಹೋದರೆ ನಾಳದ ಪಕ್ಕದಲ್ಲಿ ಮಿಡಿಯುವ ಗಂಟು, ಅಂದರೆ ಸ್ಯೂಡೋಅನ್ಯೂರಿಸಂ, ಕಟ್ಟಿಕೊಳ್ಳುವ ಸಂಭವ ಹೆಚ್ಚು. ತಪ್ಪು ಜಾಗದ ತೂತನ್ನು ಯಾವ ದುಬಾರಿ ಸಾಧನವೂ ಸರಿಪಡಿಸದು.

ಕೊಲಾಜನ್ ಬೆಣೆಯಿಂದಲೋ ಹೊಲಿಗೆಯಿಂದಲೋ ಮುಚ್ಚುವ ಸಾಧನಗಳು 1990ರ ದಶಕದಲ್ಲಿ ಬಳಕೆಗೆ ಬಂದವು. ಜರ್ಮನಿಯಲ್ಲಿ 4,524 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಐಸಾರ್-ಕ್ಲೋಷರ್ ಅಧ್ಯಯನದಲ್ಲಿ ತೊಡಕಿನ ಪ್ರಮಾಣ ಸಾಧನ ಬಳಸಿದವರಲ್ಲಿ ಶೇ. 6.9, ಕೈಯಿಂದ ಅದುಮಿದವರಲ್ಲಿ ಶೇ. 7.9. ಸಮಯ ಉಳಿಯಿತು, ಸುರಕ್ಷತೆಯಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಅವರೆಲ್ಲ ಬರೀ ಆಂಜಿಯೋಗ್ರಾಮ್ ಮಾಡಿಸಿಕೊಂಡವರು. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಔಷಧ ಪಡೆದವರಿಗೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಸಾಧನಗಳಿಂದ ಸೋಂಕು, ನಾಳ ಕಟ್ಟಿಕೊಳ್ಳುವುದು ವಿರಳವಾದರೂ, ಆದಾಗ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಮಣಿಕಟ್ಟಿನ ದಾರಿ ಹೆಚ್ಚು ಸುರಕ್ಷಿತ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್ ಸಹಲೇಖಕರಾಗಿದ್ದ 2011ರ ರೈವಲ್ ಅಧ್ಯಯನದಲ್ಲಿ (7,021 ರೋಗಿಗಳು) ದೊಡ್ಡ ರಕ್ತಗಂಟು ಮಣಿಕಟ್ಟಿನಲ್ಲಿ ಶೇ. 1.2, ತೊಡೆಯಲ್ಲಿ ಶೇ. 3 ಇತ್ತು. ಆದರೆ ರಕ್ತ ನಿಲ್ಲಿಸಲು ಮಣಿಕಟ್ಟಿಗೆ ಕಟ್ಟುವ ಬ್ಯಾಂಡನ್ನು ಅತಿಯಾಗಿ ಬಿಗಿದರೆ ಆ ನಾಳವೇ ಮುಚ್ಚಿಹೋಗಬಹುದು. ರಕ್ತ ನಿಲ್ಲುವಷ್ಟು ಒತ್ತಿ, ನಾಡಿ ಹರಿಯಲು ಬಿಡುವುದೇ ಸರಿಯಾದ ಕ್ರಮ.

ಇನ್ನು ಸುಂಕದಕಟ್ಟೆ. ಬೆಂಗಳೂರಿನ ಮಾಗಡಿ ರಸ್ತೆಯ ಈ ಬಡಾವಣೆಯಲ್ಲಿ ಗಾರ್ಮೆಂಟ್ಸ್‌ನವರು, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಬಹಳ. ಇಎಸ್‌ಐ ಕಾರ್ಡಿದ್ದವರಿಗೆ ರಾಜಾಜಿನಗರದ ಆಸ್ಪತ್ರೆ ಹತ್ತಿರ. 'ವಿಶ್ರಾಂತಿ ತೆಗೆದುಕೊಳ್ಳಿ' ಎಂಬ ಒಂದು ಸಾಲು ಇವರಿಗೆ ಸಾಲದು. ತೊಡೆಯಲ್ಲಿ ಚುಚ್ಚಿಸಿಕೊಂಡವರು ಮೂರನೇ ಮಹಡಿಯ ಬಾಡಿಗೆ ಮನೆಗೆ ಹತ್ತಬೇಕು, ಕುಕ್ಕರಗಾಲಲ್ಲಿ ಶೌಚಕ್ಕೆ ಕೂರಬೇಕು, ಕೊಡ ಎತ್ತಬೇಕು. ಇವೆಲ್ಲ ತೊಡೆಸಂದಿನ ಮೇಲೆ ಒತ್ತಡ ಹಾಕುವ ಕೆಲಸಗಳು. ಮಣಿಕಟ್ಟಿನವರಿಗೆ ಮರುದಿನವೇ ಬಟ್ಟೆಯ ಬಂಡಲ್ ಎತ್ತುವ ಅನಿವಾರ್ಯ. ಪಾಶ್ಚಾತ್ಯ ಕಮೋಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಇಂಗ್ಲಿಷ್ ಸೂಚನಾಪತ್ರದಲ್ಲಿ ಇವುಗಳಿಗೆ ಜಾಗವಿಲ್ಲ.

ಆದ್ದರಿಂದ ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಪುಟ ಕೊಡಬೇಕು. ಕೆಲವು ದಿನ ಕುಕ್ಕರಗಾಲಲ್ಲಿ ಕೂರಬೇಡಿ, ಭಾರ ಎತ್ತಬೇಡಿ. ರಕ್ತ ಬಂದರೆ ಮಲಗಿ, ಜೊತೆಯವರಿಂದ ಗಟ್ಟಿಯಾಗಿ ಒತ್ತಿಸಿಕೊಂಡು 108ಕ್ಕೆ ಕರೆ ಮಾಡಿ. ಗಂಟು ಮಿಡಿದರೆ, ಕಾಲು ಅಥವಾ ಕೈ ತಣ್ಣಗಾದರೆ, ಸೊಂಟ ನೋವಿನೊಡನೆ ತಲೆ ಸುತ್ತಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ. ನಗರದ ಹೃದ್ರೋಗ ವಿಭಾಗಗಳು ಇಷ್ಟನ್ನು ಅಚ್ಚು ಹಾಕಿಸಿ, ಮನೆಯವರಿಗೆ ಓದಿ ಹೇಳಿ ಕಳಿಸಬೇಕೆಂದು ಕೋರುತ್ತೇನೆ.