ರಾಜಧನ ತೆರಿಗೆಯಲ್ಲ: ಮಾರಿಕುಪ್ಪಂ ಲೆಕ್ಕದ ಒಂದು ತಪ್ಪು ಓದು

ಕೋಲಾರದ ಚಿನ್ನದ ಗಣಿಗಳ ಚರಿತ್ರೆ ಬರೆಯುವವರಲ್ಲಿ ಒಂದು ವಾದ ಕೈಯಿಂದ ಕೈಗೆ ದಾಟುತ್ತ ಬಂದಿದೆ. ಜಾನ್ ಟೇಲರ್ ಕಂಪನಿಯ ಗಣಿಗಳು ಚಿನ್ನದ ಮೌಲ್ಯದ ಶೇ. 5ರಷ್ಟನ್ನು ಮೈಸೂರು ಸಂಸ್ಥಾನಕ್ಕೆ ತೆರಿಗೆಯಾಗಿ ಕಟ್ಟಿದವು; ಸಂಸ್ಥಾನ ಅದನ್ನು ಬೌರಿಂಗ್‌ಪೇಟೆ–ಮಾರಿಕುಪ್ಪಂ ರೈಲು, ಬೇತಮಂಗಲದ ನೀರು, 1902ರ ಶಿವನಸಮುದ್ರದ ವಿದ್ಯುತ್ತಾಗಿ ಹಿಂದಿರುಗಿಸಿತು; ಅಲ್ಲಿಗೆ ಲೆಕ್ಕ ಚುಕ್ತಾ. ದಿವಾನರ ಅಭಿಮಾನಿಗಳಿಗೆ ಹಿತವಾದ ವಾದವಿದು. ಆದರೆ ಅದರ ಮೊದಲ ಸಾಲೇ ತಪ್ಪು.

ಶೇ. 5 ಎಂಬುದು ರಾಜಧನ. ಹೊಲವನ್ನು ವಾರಕ್ಕೆ ಕೊಟ್ಟ ಒಡೆಯ ಬೆಳೆಯಲ್ಲಿ ಪಾಲು ಕೇಳುವ ಹಾಗೆ, ನೆಲದಡಿಯ ಚಿನ್ನದ ಒಡೆಯನಾಗಿ ಸಂಸ್ಥಾನ ಗುತ್ತಿಗೆದಾರನಿಂದ ಪಡೆದ ಪಾಲು. ಇದಕ್ಕೆ ಎದುರಾಗಿ ವಿರೋಧಿಗಳು ಇಂಡಿಯಾ ಸಿಮೆಂಟ್ ಪ್ರಕರಣದ 1989ರ ತೀರ್ಪನ್ನು ಮುಂದಿಡುತ್ತಾರೆ. ತಮಿಳುನಾಡಿನಲ್ಲಿ ಸುಣ್ಣಕಲ್ಲಿನ ರಾಜಧನದ ಮೇಲೆ ಪಂಚಾಯಿತಿಗಳಿಗಾಗಿ ವಿಧಿಸಿದ್ದ ಸೆಸ್ಸನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ರದ್ದುಪಡಿಸಿತು. ರಾಜಧನವೂ ತೆರಿಗೆಯೇ ಎಂಬ ಮಾತು ಆ ತೀರ್ಪಿನಲ್ಲಿದೆ. ಇದನ್ನು ಉದ್ಧರಿಸುವವರು 2004ರ ಕೇಸೋರಾಮ್ ತೀರ್ಪನ್ನು ಓದಿಲ್ಲ, ಅಥವಾ ಓದಿಯೂ ಸುಮ್ಮನಿದ್ದಾರೆ. ಆ ಸಾಲು ಅಚ್ಚಿನ ತಪ್ಪು, ಇರಬೇಕಾಗಿದ್ದದ್ದು 'ರಾಜಧನದ ಮೇಲಿನ ಸೆಸ್ ತೆರಿಗೆ' ಎಂದು ಐವರ ಪೀಠವೇ ಬರೆಯಿತು. (ಏಳು ಜನರ ಮಾತನ್ನು ಐವರು ತಿದ್ದಬಹುದೇ ಎಂಬ ತಕರಾರು ನ್ಯಾಯವಾದದ್ದೇ; ಅದಕ್ಕಾಗಿಯೇ ವಿಷಯ ಒಂಬತ್ತು ಜನರ ಪೀಠಕ್ಕೆ ಹೋಯಿತು.) 2024ರ ಜುಲೈ 25ರಂದು ಆ ಪೀಠದ ಎಂಟು ನ್ಯಾಯಮೂರ್ತಿಗಳು ರಾಜಧನ ತೆರಿಗೆಯಲ್ಲ, ಗುತ್ತಿಗೆಯಿಂದ ಹುಟ್ಟುವ ಪಾವತಿ ಎಂದರು. ನ್ಯಾಯಮೂರ್ತಿ ನಾಗರತ್ನ ಒಬ್ಬರೇ ಒಪ್ಪಲಿಲ್ಲ.

ಇದನ್ನು ವಕೀಲರ ಜಗಳ ಎಂದು ತಳ್ಳಿಹಾಕುವಂತಿಲ್ಲ. ತೆರಿಗೆಯಾಗಿದ್ದರೆ, ಕೊಟ್ಟ ಊರು ತನ್ನ ಚರಂಡಿಗೆ, ಶಾಲೆಗೆ ಎಷ್ಟು ಬಂತೆಂದು ಕೇಳಬಹುದಿತ್ತು. ಒಡೆಯನ ಪಾಲಿಗೆ ಆ ಪ್ರಶ್ನೆಯೇ ಅಂಟುವುದಿಲ್ಲ. ಅದು ನೇರವಾಗಿ ಸಂಸ್ಥಾನದ ಖಜಾನೆ ಸೇರಿತು. ಇನ್ನು 'ಹಿಂದಿರುಗಿದ' ವಿದ್ಯುತ್ತು? ಅದು ಕುದುರೆಶಕ್ತಿಗೆ ವರ್ಷಕ್ಕೆ ಇಂತಿಷ್ಟು ಎಂಬ ಕರಾರಿನ ಮೇಲೆ ಗಣಿ ಕಂಪನಿಗಳಿಗೆ ಮಾರಿದ ಸರಕು. ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮುಂಚೆ ಕೆಜಿಎಫ್‌ಗೆ ಕರೆಂಟು ಬಂತೆಂದು ಹೆಮ್ಮೆಪಡುವವರು ಅದರ ಗಿರಾಕಿ ಯಾರೆಂಬುದನ್ನು ಮರೆಯುತ್ತಾರೆ. ಮಾರಿಕುಪ್ಪಂ ಲೈನ್ ಮನೆಗಳಲ್ಲಿ ಬದುಕುತ್ತಿದ್ದ, ಉತ್ತರ ಆರ್ಕಾಟಿನಿಂದ ಬಂದ ದಲಿತ ಕೂಲಿಗಳು ಆ ಕರಾರಿನಲ್ಲಿ ಎಲ್ಲೂ ಇರಲಿಲ್ಲ.

ಹಾಗಾದರೆ ನ್ಯಾಯಾನ್ಯಾಯದ ಲೆಕ್ಕವನ್ನು ಹುಡುಕಬೇಕಾದದ್ದು ಸ್ಥಳೀಯ ತೆರಿಗೆಯಲ್ಲಿ. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನ, ಮನೆಯವನ ಕಂದಾಯದಿಂದ ಪಟ್ಟಣ ನಡೆಯಬೇಕಿತ್ತು. ಪಕ್ಕದಲ್ಲೇ ಗಣಿಯ ಜಮೀನು, ಬಂಗಲೆ, ಲೈನು, ಆಸ್ಪತ್ರೆಗಳೆಲ್ಲ ಕಂಪನಿಯ ಅಂಕೆಯಲ್ಲಿ. ಸಂಪತ್ತು ಒಂದು ಗಡಿಯೊಳಗೆ, ತೆರಿಗೆದಾರ ಇನ್ನೊಂದು ಗಡಿಯೊಳಗೆ. ಗಣಿಗಳು 1956ರಲ್ಲಿ ರಾಜ್ಯಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಹೋದವು. ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿಯ ರಕ್ಷಣೆ ಇದೆ ಎಂಬ ಕಾರಣ ಹೇಳಿ ಇಲ್ಲಿಗೆ ಮಾತು ಮುಗಿಸುವವರಿದ್ದಾರೆ. ಕೊರ್ಬಾದ ಕಲ್ಲಿದ್ದಲು ಗಣಿಗಳಿಗೆ ಸಂಬಂಧಿಸಿದ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಮೊಕದ್ದಮೆಯ ತೀರ್ಪು ಅವರ ಗಮನಕ್ಕೆ ಬಂದಿಲ್ಲ. ಸರ್ಕಾರಿ ಕಂಪನಿಯ ಆಸ್ತಿ ಕೇಂದ್ರ ಸರ್ಕಾರದ ಆಸ್ತಿಯಲ್ಲ, ಷೇರೆಲ್ಲ ಸರ್ಕಾರದ್ದೇ ಆದರೂ ಅದು ಸ್ಥಳೀಯ ಸಂಸ್ಥೆಗೆ ತೆರಿಗೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತ್ತು. ಕೊರ್ಬಾದ ಕಲ್ಲಿದ್ದಲಿಗೆ ಸಲ್ಲುವ ನ್ಯಾಯ ಕೋಲಾರದ ಚಿನ್ನಕ್ಕೆ ಸಲ್ಲದೆಂಬುದಕ್ಕೆ ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದೂ 2024ರ ಪೀಠ ಹೇಳಿತು. ಆದರೆ 2005ರ ಏಪ್ರಿಲ್ 1ಕ್ಕಿಂತ ಹಿಂದಿನ ವ್ಯವಹಾರಗಳಿಗೆ ತೆರಿಗೆ ಕೇಳುವಂತಿಲ್ಲವೆಂದು ಆಗಸ್ಟ್ 14ರ ಆದೇಶದಲ್ಲಿ ಗಡಿ ಹಾಕಿತು. ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು.