ಒಡೆಯದ ಮಜ್ಜಿಗೆ, ಒಡೆದ ಮಜ್ಜಿಗೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಅಡುಗೆಮನೆಗೆ ಹಾಲು ಐದು ರೂಪದಲ್ಲಿ ಬರುತ್ತಿತ್ತು: ಮೊಸರು, ಬೆಣ್ಣೆ, ಮಜ್ಜಿಗೆ, ತುಪ್ಪ, ಮತ್ತು ಹಸು ಈದ ಮೊದಲ ದಿನಗಳ ಗಿಣ್ಣು. ಚೀಸ್ ಈ ಸಾಲಿನಲ್ಲಿ ಇರಲಿಲ್ಲ. ಇಂದು ಇದೇ ಪೇಟೆಗಳ ಅಂಗಡಿಯಲ್ಲಿ ಚೀಸ್ ಸಿಗುತ್ತದೆ. ಮೈದಾ ಹಿಟ್ಟಿನ ಬಟ್ಟಲಿಗೆ ಮೊಟ್ಟೆ, ಹಾಲು, ಚೀಸ್, ತರಕಾರಿ ತುಂಬಿ ಬೇಯಿಸುವ ಫ್ರೆಂಚರ ‘ಕೀಶ್’ ಕೂಡ ಇಲ್ಲಿನ ಮನೆಯಲ್ಲಿ ಮಾಡಲಾಗದ ತಿನಿಸೇನೂ ಅಲ್ಲ. ಆದರೆ ಚೀಸ್ ಈ ನೆಲಕ್ಕೆ ಮೊದಲು ಬಂದದ್ದು ಅಂಗಡಿಯ ದಾರಿಯಿಂದಲ್ಲ. 1970ರ ದಶಕದಲ್ಲಿ ಹಿಮಾಲಯದಾಚೆಯ ಜನ ಅದನ್ನು ಹನೂರಿನ ಕಾಡಂಚಿಗೆ ತಂದರು. ಅದಕ್ಕೆ ಅವರು ಬಳಸಿದ್ದು ಇಲ್ಲಿನವರು ದಿನವೂ ಕುಡಿಯುತ್ತಿದ್ದ ಅದೇ ಮಜ್ಜಿಗೆಯನ್ನು.

ಮೊದಲು ಈ ಸೀಮೆಯ ದನದ ಮಾತು. ಹನೂರಿನ ಪೂರ್ವಕ್ಕೂ ದಕ್ಷಿಣಕ್ಕೂ ಹಬ್ಬಿರುವ ಮಲೆಗಳು ದನ ಮೇಯಿಸುವವರ ನಾಡು. ಕಾಡಿನೊಳಗೆ ಮುಳ್ಳುಬೇಲಿ ಕಟ್ಟಿ, ನೂರಾರು ದನಗಳನ್ನು ರಾತ್ರಿ ಕೂಡಿಹಾಕುವ ದೊಡ್ಡಿಗಳು ಇಲ್ಲಿನ ಬದುಕಿನ ಭಾಗವಾಗಿದ್ದವು. ‘ದೊಡ್ಡಿ’ ಎಂದು ಮುಗಿಯುವ ಊರ ಹೆಸರುಗಳಲ್ಲಿ ಅದರ ಗುರುತು ಇನ್ನೂ ಉಳಿದಿದೆ. ಹೊಗೇನಕಲ್ ಸಮೀಪದ ಕಾವೇರಿ ದಡದ ಆಲಂಬಾಡಿಯ ಹೆಸರು ಒಂದು ತಳಿಗೇ ಅಂಟಿದೆ. ಗಡಿಯಾಚೆ, ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಬರಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ಸಾಕಿಕೊಂಡು ಬಂದ ಕಂದುಬಣ್ಣದ, ಬಿಳಿ ಮಚ್ಚೆಯ ದನಗಳು ಬರಗೂರು ತಳಿ ಎನಿಸಿಕೊಂಡಿವೆ. ಬಯಲಿನ ಕಡೆ ಹಳ್ಳಿಕಾರ್ ಹೆಸರುವಾಸಿ. ಇವೆಲ್ಲ ನೊಗಕ್ಕೆಂದು ಬೆಳೆಸಿದ ತಳಿಗಳು. ಎತ್ತು ಗಟ್ಟಿಯಾಗಬೇಕಾದರೆ ಕರು ಹೊಟ್ಟೆ ತುಂಬ ಕುಡಿಯಬೇಕು. ಕರು ಕುಡಿದು ಮಿಕ್ಕ ಹಾಲಷ್ಟೇ ಮನೆಗೆ. ಒಂದು ಕಿಲೊ ಗಟ್ಟಿ ಚೀಸಿಗೆ ಸುಮಾರು ಹತ್ತು ಲೀಟರ್ ಹಾಲು ಬೇಕಾಗುತ್ತದೆ. ಸೇರು ಲೆಕ್ಕದಲ್ಲಿ ಹಾಲು ಕರೆಯುವ ಮನೆಗೆ ಅದು ದುಬಾರಿಯ ಮಾತು.

ಕಾಡಿನ ದೊಡ್ಡಿಯಿಂದ ಊರಿಗೆ ಹಾಲು ಬರುವಂತಿರಲಿಲ್ಲ. ದಾರಿಯಲ್ಲೇ ಹುಳಿಯುತ್ತದೆ. ಆದ್ದರಿಂದ ಹಾಲನ್ನು ಅಲ್ಲೇ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ಕಾಯಿಸಿ ತುಪ್ಪ ಮಾಡುವುದು ರೂಢಿ. ತಿಂಗಳುಗಟ್ಟಲೆ ಕೆಡದೆ ಇರುವ, ಕೊಡದಲ್ಲಿ ಹೊತ್ತು ಸಂತೆಗೆ ಒಯ್ಯಬಹುದಾದ ಹೈನು ಅದೊಂದೇ. ಯುರೋಪಿನ ಬೆಟ್ಟದ ಹಳ್ಳಿಗಳಲ್ಲಿ ಚಳಿಗಾಲಕ್ಕೆ ಹಾಲನ್ನು ಕೂಡಿಡುವ ಕೆಲಸ ಚೀಸಿನದಾಗಿದ್ದರೆ, ಈ ಸೆಕೆಯ ನಾಡಿನಲ್ಲಿ ಆ ಕೆಲಸವನ್ನು ತುಪ್ಪ ಮಾಡಿತು. ಅರಸೊತ್ತಿಗೆಯೂ ದನವನ್ನು ಬೆಣ್ಣೆಯ ಕಣ್ಣಿನಿಂದಲೇ ಕಂಡಿತು. ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ದನದ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂದೇ ಹೆಸರು. ಟಿಪ್ಪು ಅದನ್ನು ಅಮೃತಮಹಲ್ ಎಂದು ಕರೆದ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಇಂಗ್ಲಿಷರಿಗೆ ಸೇರಿ ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲೂಕಾಯಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿತು. ಹೀಗೆ ಒಂದೇ ಸೀಮೆಯ ನೆರೆ ಊರುಗಳು ಒಂದೂವರೆ ಶತಮಾನ ಎರಡು ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮತ್ತೆ ಕೂಡಿದವು. ಗಡಿ ಬದಲಾದರೂ ಅಡುಗೆ ಬದಲಾಗಲಿಲ್ಲ. ಸುವರ್ಣಾವತಿಯ ನೀರುಂಡ ಯಳಂದೂರಿನಲ್ಲಿ ಅನ್ನ ಹೆಚ್ಚು, ಹನೂರಿನ ಒಣಭೂಮಿಯಲ್ಲಿ ರಾಗಿ ಹೆಚ್ಚು. ಎರಡೂ ಕಡೆ ಊಟ ಮುಗಿಯುವುದು ಮಜ್ಜಿಗೆಯಲ್ಲೇ.

ಕನ್ನಡನಾಡಿಗೆ ಹಾಲೊಡೆಸುವ ವಿದ್ಯೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದ ಪಾಕಭಾಗದಲ್ಲಿ, ದಂಟಿನ ಜಾತಿಯ ಗಿಡದ ಬೇರಿನಂಥ ಸಸ್ಯವಸ್ತುಗಳಿಂದ ಹಾಲನ್ನು ಗರಣೆಗಟ್ಟಿಸುವ ವಿಧಾನವಿದೆ. ಎಮ್ಮೆ ಹಾಲನ್ನು ಹಾಗೆ ಒಡೆಸಿ ಉಂಡೆ ಕಟ್ಟಿ ಸಿಹಿ ಮಾಡುವ ಕ್ರಮವೂ ಇದೆ. ನೂರು ವರ್ಷದ ನಂತರ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ, ಕಾದ ಹಾಲಿಗೆ ಹುಳಿ ಮಜ್ಜಿಗೆ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟಿನೊಡನೆ ನಾದಿ ಕರಿಯುವ ಸಿಹಿಯ ವಿವರಣೆ ಬರುತ್ತದೆ. ಎರಡೂ ಅರಮನೆಯ ರುಚಿಗಳು, ಎರಡೂ ಸಿಹಿಯ ಕಡೆಗೇ ವಾಲಿದವು. ಹಳ್ಳಿಯ ಮನೆಯಲ್ಲಿ ಹಾಲು ಒಡೆದರೆ ಅದು ನಷ್ಟ, ಕೆಲವರಿಗೆ ಅಪಶಕುನ. ಬೆಲ್ಲ ಹಾಕಿ ಮಕ್ಕಳಿಗೆ ಕೊಟ್ಟರೆ ಮುಗಿಯಿತು. ಇನ್ನು ಯುರೋಪಿನ ಚೀಸಿಗೆ ಬೇಕಾದ ರೆನೆಟ್ ಎಳಗರುವಿನ ಹೊಟ್ಟೆಯಿಂದ ತೆಗೆಯುವ ವಸ್ತು. ಮಾದಪ್ಪನ (ಮಲೆ ಮಹದೇಶ್ವರನ) ಒಕ್ಕಲುಗಳ ನಾಡಿನಲ್ಲಿ ಅದರ ಮಾತೆತ್ತುವ ಹಾಗೂ ಇರಲಿಲ್ಲ.

ಮಜ್ಜಿಗೆ ಒಡೆಯಬಾರದೆಂಬ ಎಚ್ಚರ ಇಲ್ಲಿನ ಅಡುಗೆಯಲ್ಲಿ ಒಂದು ಕೌಶಲವೇ ಆಗಿಬಿಟ್ಟಿದೆ. ಹುಳಿಮಜ್ಜಿಗೆಯನ್ನು ಹಾಗೇ ಒಲೆಯ ಮೇಲಿಟ್ಟರೆ ಅದರ ಕೇಸಿನ್ ಎಂಬ ಪ್ರೋಟೀನು ಗಂಟುಗಟ್ಟಿ, ತಿಳಿನೀರು ಬೇರೆಯಾಗುತ್ತದೆ. ಹುಳಿ ಹೆಚ್ಚಿದಷ್ಟೂ, ಕಾವು ಏರಿದಷ್ಟೂ ಇದು ಬೇಗ. ಮಜ್ಜಿಗೆ ಹುಳಿ ಮಾಡುವವರು ಅದಕ್ಕೇ ನೆನೆಸಿದ ಕಡಲೆಬೇಳೆಯನ್ನೋ ಅಕ್ಕಿಯನ್ನೋ ತೆಂಗಿನಕಾಯಿಯೊಡನೆ ರುಬ್ಬಿ ಮೊದಲೇ ಬೆರೆಸುತ್ತಾರೆ. ಪಿಷ್ಟ ಪ್ರೋಟೀನಿನ ನಡುವೆ ನಿಂತು ಗಂಟುಗಟ್ಟಲು ಬಿಡುವುದಿಲ್ಲ. ಕೈಬಿಡದೆ ತಿರುವಿ, ಒಂದು ಕುದಿ ಕಾಣುತ್ತಿದ್ದಂತೆ ಇಳಿಸುತ್ತಾರೆ. ಒಡೆದ ಮಜ್ಜಿಗೆ ಹುಳಿ ಮಾಡಿದವರ ಮಾನ ಕಳೆಯುತ್ತದೆ. ಇದೇ ಒಡಕನ್ನು ಬೇಕೆಂದೇ ಮಾಡುವ ಜನ ಹತ್ತಿರದಲ್ಲೇ ಬಂದು ನೆಲೆಸಿದ್ದು ಈ ಸೀಮೆಯ ಆಹಾರ ಚರಿತ್ರೆಯಲ್ಲಿ ಅತಿ ಸ್ವಾರಸ್ಯದ ಘಟನೆ.

1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ನೆಲ ಕೊಡಲು ಮುಂದಾದ ರಾಜ್ಯಗಳಲ್ಲಿ ಮೈಸೂರು ಮುಂಚೂಣಿಯಲ್ಲಿತ್ತು. ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಇಂದಿಗೂ ನೆನೆಯುತ್ತಾರೆ. 1960ರ ದಶಕದ ಮೊದಲಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, 1972ರ ಹೊತ್ತಿಗೆ ಹುಣಸೂರು ತಾಲೂಕಿನ ಗುರುಪುರ, ಅದರ ಬೆನ್ನಿಗೇ 1974ರಲ್ಲಿ ಆಗಿನ ಕೊಳ್ಳೇಗಾಲ ತಾಲೂಕಿನ ಒಡೆಯರಪಾಳ್ಯ. ಹನೂರಿನಿಂದ ಲೊಕ್ಕನಹಳ್ಳಿ ದಾಟಿ ತಮಿಳುನಾಡಿನ ಕಾಡಿನ ಕಡೆಗೆ ಏರುವ ರಸ್ತೆಯಲ್ಲಿ, ಸುಮಾರು ಸಾವಿರ ಮೀಟರ್ ಎತ್ತರದ ಹೊರಳು ಗುಡ್ಡಗಳ ಮೇಲೆ ಹಬ್ಬಿದ ಈ ನೆಲೆಗೆ ಧೊಂಡೆನ್‌ಲಿಂಗ್ ಎಂದು ಹೆಸರು. ಇಪ್ಪತ್ತೆರಡು ಹಳ್ಳಿಗಳಾಗಿ ಅದನ್ನು ಹಂಚಲಾಯಿತು. ಮಳೆಯಾಧಾರದ ಬೇಸಾಯದಲ್ಲಿ ಮುಸುಕಿನ ಜೋಳ ಮುಖ್ಯ ಬೆಳೆಯಾಯಿತು, ಆನೆಕಾಟ ಮೊದಲ ದಿನದಿಂದಲೇ ಜೊತೆಗಿತ್ತು. ಖಾಮ್ ಪ್ರಾಂತ್ಯದ ಹಳೆಯ ಜೊಗ್ಚೆನ್ ಮಠದ ಪರಂಪರೆಯೂ ಇಲ್ಲೇ ಮತ್ತೆ ತಲೆಯೆತ್ತಿತು. ಅದರ ಹೊಸ ದೇಗುಲವನ್ನು ದಲೈ ಲಾಮಾ 1992ರಲ್ಲಿ ಉದ್ಘಾಟಿಸಿದರು.

ಟಿಬೆಟಿನಲ್ಲಿ ಹೈನಿನ ಮೂಲ ಡ್ರಿ, ಅಂದರೆ ಹೆಣ್ಣು ಯಾಕ್. ಅದರ ಹಾಲಿನ ಬೆಣ್ಣೆ ಉಪ್ಪು ಚಹಾಕ್ಕೆ, ದೇವರ ದೀಪಕ್ಕೆ. ಬೆಣ್ಣೆ ತೆಗೆದ ಮಜ್ಜಿಗೆ ಚುರ ಎಂಬ ಚೀಸಿಗೆ. ಚುರ ಮಾಡುವ ಬಗೆ ಸರಳ: ಹುಳಿಮಜ್ಜಿಗೆಯನ್ನು ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತ ಹೋದರೆ ಬಿಳಿ ಗರಣೆಗಳು ಮೇಲೇಳುತ್ತವೆ, ಅಡಿಯಲ್ಲಿ ಹಸಿರುಛಾಯೆಯ ನೀರು ನಿಲ್ಲುತ್ತದೆ. ತೆಳುಬಟ್ಟೆಯಲ್ಲಿ ಸೋಸಿ ಹಿಂಡಿದರೆ ಮೆತ್ತನೆಯ ಹಸಿ ಚೀಸ್. ಪುಡಿಪುಡಿ ಮಾಡಿ ಬಿಸಿಲಿಗೆ ಹರವಿದರೆ ಒಣ ಚುರ. ಭಾರ ಹೇರಿ ಒತ್ತಿ, ಕತ್ತರಿಸಿ, ದಾರಕ್ಕೆ ಪೋಣಿಸಿ ಒಣಗಿಸಿದರೆ ಕಲ್ಲಿನಂತೆ ಗಡುಸಾದ ಛುರ್ಪಿ. ಬಾಯಲ್ಲಿಟ್ಟು ಗಂಟೆಗಟ್ಟಲೆ ಚೀಪುವ ಪದಾರ್ಥ ಅದು. ಇಲ್ಲಿ ರೆನೆಟ್ಟಿನ ಪ್ರಶ್ನೆಯೇ ಬರುವುದಿಲ್ಲ. ಹುಳಿ ಮತ್ತು ಕಾವು, ಎರಡೇ ಸಾಕು. ಒಂದು ಹನಿ ಹಾಲನ್ನೂ ಇದಕ್ಕೆಂದು ಬೇರೆ ತೆಗೆದಿಡಬೇಕಿಲ್ಲ. ಕಡಿಮೆ ಹಾಲು ಕೊಡುವ ದನಗಳ ನಾಡಿಗೆ ಇದಕ್ಕಿಂತ ಹೊಂದುವ ಚೀಸ್ ಬೇರೊಂದಿಲ್ಲ. ಆದರೂ ಹನೂರಿನ ದೊಡ್ಡಿಗಳವರು ಇದನ್ನು ಮಾಡಿಕೊಳ್ಳಲಿಲ್ಲ. ಕಾರಣ ಬಡತನವಾಗಲಿ ಅಜ್ಞಾನವಾಗಲಿ ಅಲ್ಲ. ಮುದ್ದೆಯುಂಡು ಬಿಸಿಲಿಗೆ ಹೋಗುವ ಹೊಟ್ಟೆಗೆ ಮಜ್ಜಿಗೆ ಮಜ್ಜಿಗೆಯಾಗಿಯೇ ಬೇಕಿತ್ತು. ನಾಲ್ಕು ಸಾವಿರ ಮೀಟರ್ ಎತ್ತರದ ಚಳಿಯಲ್ಲಿ ತಂಪು ಮಜ್ಜಿಗೆಗೆ ಗಿರಾಕಿ ಕಡಿಮೆ, ಒಣಗಾಳಿಯೋ ಯಥೇಚ್ಛ. ಹವೆ ಎರಡು ಕಡೆಯೂ ತನಗೆ ಬೇಕಾದ್ದನ್ನು ಮಾಡಿಸಿಕೊಂಡಿದೆ.

ಒಡೆಯರಪಾಳ್ಯದಲ್ಲಿ ಯಾಕ್ ಬದುಕುವಂತಿಲ್ಲ. ಹಸುವಿನ ಹಾಲೇ ಗತಿ. ಅದರಲ್ಲಿ ಜಿಡ್ಡು ಕಡಿಮೆಯಾದ್ದರಿಂದ ಬೆಣ್ಣೆ ಕಡಿಮೆ, ಚುರದ ರುಚಿಯೂ ಸಪ್ಪೆ ಎಂಬುದು ಎರಡನ್ನೂ ತಿಂದವರ ಅಭಿಪ್ರಾಯ. ಮಳೆಗಾಲದ ತೇವದಲ್ಲಿ ಛುರ್ಪಿ ಒಣಗುವ ಮೊದಲೇ ಬೂಸಲು ಹಿಡಿಯುವುದರಿಂದ ಹಸಿ ಚೀಸಿಗೇ ಇಲ್ಲಿ ಒಲವು. ಅದು ಸೊಪ್ಪು, ಈರುಳ್ಳಿಯೊಡನೆ ಮೊಮೊದ ಒಳಗೆ ಸೇರುತ್ತದೆ. ನಾದಿದ ಹಿಟ್ಟಿನ ಎರಡು ಹಾಳೆಗಳ ನಡುವೆ ಹೂರಣವಿಟ್ಟು, ಅಂಚು ಹೆಣೆದು ಕರಿಯುವ ಶಾಬಲೆ ಮೂಲತಃ ಮಾಂಸದ ತಿಂಡಿ. ಅದನ್ನೇ ತರಕಾರಿ, ಚೀಸ್ ತುಂಬಿಯೂ ಮಾಡುವುದುಂಟು. ಹಿಟ್ಟಿನ ಹೊರಕವಚ, ಒಳಗೆ ಖಾರದ ಚೀಸ್-ತರಕಾರಿ: ಈ ಸೀಮೆಯಲ್ಲಿ ಕೀಶಿನ ಹತ್ತಿರದ ನಂಟ ಯಾವುದೆಂದರೆ ಶಾಬಲೆಯನ್ನೇ ತೋರಿಸಬೇಕು. ವರ್ಷದ ಕೊನೆಯಲ್ಲಿ, ಹೊಸವರ್ಷದ ಲೋಸಾರ್ ಹಬ್ಬಕ್ಕೆ ಎರಡು ದಿನ ಮುಂಚೆ ಮಾಡುವ ಗುತುಕ್ ಸಾರಿಗೂ ಒಣ ಚುರ ಬೀಳುತ್ತದೆ.

ಟಿಬೆಟಿಯನ್ನರು ಬಂದ ಕಾಲಕ್ಕೇ ಹಾಲಿನ ದಾರಿ ಇನ್ನೊಂದು ಕಡೆಗೂ ತಿರುಗಿತು. ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲಾದದ್ದು 1974ರಲ್ಲೇ. ಅದು ಮುಂದೆ ಕರ್ನಾಟಕ ಹಾಲು ಮಹಾಮಂಡಳವಾಗಿ, ‘ನಂದಿನಿ’ಯಾಗಿ ಬೆಳೆಯಿತು. ಹಳ್ಳಿಹಳ್ಳಿಯಲ್ಲಿ ಡೈರಿ ಬಂತು, ನಾಟಿ ಹಸುವಿನ ಕೊಟ್ಟಿಗೆಗೆ ಮಿಶ್ರತಳಿ ಬಂತು. ಬೆಳಿಗ್ಗೆ ಸಂಜೆ ಕ್ಯಾನಿಗೆ ಸುರಿದ ಹಾಲಿಗೆ ದುಡ್ಡು ಖಚಿತ. ಕಡೆಯುವುದಕ್ಕೆ ಮನೆಯಲ್ಲಿ ಹಾಲೇ ಉಳಿಯದ ಮೇಲೆ ಕಡಗೋಲು ಮೂಲೆ ಸೇರಿತು. ಕಾಡಿನ ದೊಡ್ಡಿಗಳನ್ನು ಬೇರೆ ಕಾರಣಗಳು ಖಾಲಿ ಮಾಡಿದವು. 1987ರಲ್ಲಿ ಕಾವೇರಿ ವನ್ಯಧಾಮ, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾದವು. ನಡುವೆ ಕಾಡುಗಳ್ಳ ವೀರಪ್ಪನ್ ಶೋಧದ ವರ್ಷಗಳಲ್ಲಿ ಕಾಡು ಹೊಗುವುದೇ ಅಪಾಯವಾಗಿತ್ತು. ದೊಡ್ಡಿಯ ತುಪ್ಪವೂ ನಿರಾಶ್ರಿತರ ಚುರವೂ ಮನೆಯ ಕೆಲಸವಾಗಿ ಉಳಿಯುವುದು ಒಟ್ಟಿಗೇ ಕಷ್ಟವಾಯಿತು ಎನ್ನಬಹುದು.

ಪೇಟೆಯ ಚೀಸ್ ಬಂದದ್ದು ಆಮೇಲೆ, ಡಬ್ಬಿಯಲ್ಲಿ, ಘನಾಕಾರದ ತುಂಡುಗಳಲ್ಲಿ. ಕೀಶಿಗೆ ಬೇಕಾದ ಹಿಟ್ಟಿನ ಕಸುಬನ್ನು ಬೇಕರಿಗಳು ಅದಕ್ಕೂ ಮೊದಲೇ ಊರಿಗೆ ತಂದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಂಗಳೂರಿನಲ್ಲಿ ಮೊದಲಾದ ಅಯ್ಯಂಗಾರ್ ಬೇಕರಿಯ ಪದ್ಧತಿ ಸಣ್ಣ ಪೇಟೆಗಳವರೆಗೂ ಹರಡಿ, ಆಲೂಗಡ್ಡೆ ಪಲ್ಯದ ಪಫ್ಸ್, ಖಾರಾ ಬನ್ ತಿನ್ನುವ ಅಭ್ಯಾಸ ಮಾಡಿಸಿತು. ಮೈದಾ, ಜಿಡ್ಡು, ಒಲೆಯ ಒಣಶಾಖ ಮೂರೂ ಅಲ್ಲಿದ್ದವು. ಮೊಟ್ಟೆ ಹಾಲಿನ ಹೂರಣ ಮಾತ್ರ ಇರಲಿಲ್ಲ.

ಆ ಹೂರಣವೇ ಕೀಶಿನ ಜೀವ. ಫ್ರಾನ್ಸಿನ ಪೂರ್ವಗಡಿಯ ಲೊರೇನ್ ಪ್ರಾಂತ್ಯದ ಈ ತಿನಿಸಿನಲ್ಲಿ ಹಿಂದೆ ಚೀಸ್ ಇರುತ್ತಿರಲಿಲ್ಲ. ಮೊಟ್ಟೆ, ಕೆನೆ, ಹಂದಿಮಾಂಸ ಅಷ್ಟೇ. ಚೀಸ್, ತರಕಾರಿ ಆಮೇಲಿನ ಸೇರ್ಪಡೆ. ಹಾಲು ಮಂದ ಶಾಖದಲ್ಲಿ ಅಲುಗದೆ ಗಟ್ಟಿಯಾಗುವುದನ್ನು ಇಲ್ಲಿನವರು ಗಿಣ್ಣಿನಲ್ಲಿ ನೋಡಿದ್ದಾರೆ. ಈದ ಹಸುವಿನ ಮೊದಲ ಹಾಲಿನಲ್ಲಿ ಪ್ರೋಟೀನು ಅಷ್ಟು ದಟ್ಟವಾಗಿರುವುದರಿಂದ ಮೊಟ್ಟೆಯಿಲ್ಲದೆಯೇ ಹಬೆಯಲ್ಲಿ ಹೆಪ್ಪುಗಟ್ಟುತ್ತದೆ. ಬೆಲ್ಲ, ಏಲಕ್ಕಿ ಹಾಕಿದರೆ ಗಿಣ್ಣು. ಕೀಶಿನಲ್ಲಿ ಅದೇ ಕೆಲಸ ಮೊಟ್ಟೆಯದು, ಉಪ್ಪು ಮೆಣಸಿನೊಡನೆ. ಉರಿ ಜೋರಾದರೆ ಎರಡೂ ರಂಧ್ರಬಿದ್ದು ನೀರೊಡೆಯುತ್ತವೆ.

ಮನೆಯ ಅಳತೆ ಹೀಗೆ ನಿಂತಿದೆ: ತೂಕದಲ್ಲಿ ಎರಡು ಪಾಲು ಮೈದಾಗೆ ಒಂದು ಪಾಲು ತಣ್ಣನೆಯ ಬೆಣ್ಣೆ, ಚಿಟಿಕೆ ಉಪ್ಪು. ಬೆರಳ ತುದಿಯಲ್ಲಿ ಉಜ್ಜಿ ರವೆಯಂತಾದ ಮೇಲೆ ಎರಡು ಮೂರು ಚಮಚ ತಣ್ಣೀರು ಚಿಮುಕಿಸಿ ಕೂಡಿಸಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಕೆಟ್ಟಿತು. ಅರ್ಧಗಂಟೆ ತಂಪಿನಲ್ಲಿಟ್ಟು, ಲಟ್ಟಿಸಿ, ತಟ್ಟೆಗೆ ಹಾಸಿ, ಬರಿದೇ ಹತ್ತು ಹದಿನೈದು ನಿಮಿಷ ಬೇಯಿಸಬೇಕು. ಒಂದು ಮೊಟ್ಟೆಗೆ ಅರ್ಧ ಲೋಟ ಹಾಲು ಅಥವಾ ಕೆನೆಹಾಲು. ಪಾಲಕ್, ನುಗ್ಗೆಸೊಪ್ಪು, ಈರುಳ್ಳಿ, ಎಳೆ ಮುಸುಕಿನ ಜೋಳ, ಯಾವುದಾದರೂ ಮೊದಲು ಹುರಿದು ನೀರಾರಿಸಿಕೊಳ್ಳಬೇಕು. ಎಲ್ಲವನ್ನೂ ಚೀಸಿನೊಡನೆ ಬೆಂದ ಹಿಟ್ಟಿನ ಬಟ್ಟಲಿಗೆ ತುಂಬಿದ ಮೇಲೆ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಸಾಕು, ನಡುಭಾಗ ತುಸು ಅದುರುತ್ತಿರುವಾಗಲೇ ತೆಗೆಯಬೇಕು. ಓವನ್ ಇಲ್ಲದವರು ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರವಿ, ಅದರ ಮೇಲೆ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಮೇಲ್ಭಾಗ ಕೆಂಪಾಗುವುದಿಲ್ಲ, ಉಳಿದದ್ದೆಲ್ಲ ಸರಿಬರುತ್ತದೆ.

ಅಂಗಡಿಯ ಸಂಸ್ಕರಿತ ಚೀಸಿಗೆ ಕರಗುವಂತೆ ಲವಣಗಳನ್ನು ಸೇರಿಸಿರುತ್ತಾರೆ, ಅದು ಹೂರಣದಲ್ಲಿ ಬೆರೆತುಹೋಗುತ್ತದೆ. ಹುಳಿಯಿಂದ ಒಡೆಸಿದ ಪನೀರ್, ಚುರ ಎಷ್ಟು ಕಾಯಿಸಿದರೂ ಕರಗವು. ಆದ್ದರಿಂದ ಒಡೆಯರಪಾಳ್ಯದ ಬಗೆಯ ಹಸಿ ಚೀಸ್ ಬಳಸುವಾಗ ಅದನ್ನು ನುಣ್ಣಗೆ ಪುಡಿಮಾಡಿ ಸೊಪ್ಪಿನೊಡನೆ ಮೊದಲೇ ಕಲಸಿ, ಮೊಟ್ಟೆಹಾಲನ್ನು ಮೇಲೆ ಸುರಿಯಬೇಕು. ಚೀಸಿನಲ್ಲೇ ಹುಳಿ ಇರುವುದರಿಂದ ಟೊಮ್ಯಾಟೊ ಕಡಿಮೆ ಹಾಕಿದರೆ ಒಳ್ಳೆಯದು.